ಲೆಗೊ ಸೆಟ್‌ಗಳೆಲ್ಲ ಕಟ್ಟಿ ಆಯಿತು, ಸ್ವಂತದ್ದು ಕಟ್ಟೋದು ಹೇಗೆ?

ಪ್ರಶ್ನೆ: ನನಗೆ 43 ವರ್ಷ. ಎರಡು ವರ್ಷದ ಹಿಂದೆ ಗೆಳೆಯರೊಬ್ಬರು ಒಂದು ಲೆಗೊ ಸೆಟ್ (ಪ್ಲಾಸ್ಟಿಕ್ ಪೀಸ್‌ಗಳನ್ನು ಜೋಡಿಸಿ ಮಾದರಿ ಕಟ್ಟುವ ಆಟಿಕೆ) ಉಡುಗೊರೆ ಕೊಟ್ಟರು. ಅಲ್ಲಿಂದ ಹುಚ್ಚು ಹಿಡಿಯಿತು. ಈಗ ಶೆಲ್ಫ್ ತುಂಬ ಸೆಟ್‌ಗಳಿವೆ. ಪುಸ್ತಕ ನೋಡಿಕೊಂಡು ಎಂಥದ್ದನ್ನಾದರೂ ಕಟ್ಟುತ್ತೇನೆ. ಆದರೆ ಸ್ವಂತವಾಗಿ ಒಂದು ಹಳೇ ಕಾಲದ ಉಗಿ ಎಂಜಿನ್ ಮಾಡೋಣ ಅಂತ ಕೂತರೆ ಕೈಯೇ ಓಡುವುದಿಲ್ಲ. ಉಗಿ ಹುಟ್ಟುವ ಉದ್ದನೆ ಉರುಳೆ ಭಾಗ, ಅದೇ ಬಾಯ್ಲರ್, ಗುಂಡಗೆ ಬರೋದೇ ಇಲ್ಲ, ಚೌಕವಾಗಿ ಕೂರುತ್ತೆ. ನನಗೆ ಕಲ್ಪನಾಶಕ್ತಿಯೇ ಇಲ್ಲವೇನೋ. ಬಿಡಿ ಪೀಸ್‌ಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿಟ್ಟಿದ್ದೇನೆ, ಆದರೂ ಬೇಕಾದ್ದು ಸಿಗೋದಿಲ್ಲ. ಕೆಲವು ಬಿಳಿ ಪೀಸ್‌ಗಳು ಹಳದಿಯಾಗಿವೆ. ಮನೆಯವರು ಬೇರೆ, ಇದೇನು ಮಕ್ಕಳಾಟ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಕಲ್ಪನಾಶಕ್ತಿಯ ಮಾತನ್ನು ತಲೆಯಿಂದ ತೆಗೆದುಬಿಡಿ. ಉಗಿ ಎಂಜಿನ್ ಕಟ್ಟಬೇಕು ಅನ್ನಿಸಿತಲ್ಲ, ಬಾಯ್ಲರ್ ಚೌಕವಾಗಿ ಬಂದಾಗ ಇದು ಸರಿಯಿಲ್ಲ ಅನ್ನಿಸಿತಲ್ಲ. ಕಲ್ಪನೆ ಇಲ್ಲದವರಿಗೆ ಇವೆರಡೂ ಆಗೋದಿಲ್ಲ. ನಿಮಗೆ ಕಡಿಮೆ ಬಿದ್ದಿರೋದು ಪೀಸ್‌ಗಳ ಪರಿಚಯ. ಸೆಟ್‌ನ ಪುಸ್ತಕ ಯಾವ ಪೀಸ್ ಎಲ್ಲಿ ಕೂರಬೇಕು ಅಂತ ಹೇಳುತ್ತೆ. ಅದೇ ಪೀಸ್ ಯಾಕೆ, ಅಲ್ಲೇ ಯಾಕೆ ಅಂತ ಹೇಳೋದಿಲ್ಲ. ಎರಡು ವರ್ಷ ಕಟ್ಟಿದರೂ ಆ 'ಯಾಕೆ' ತಾನಾಗಿ ಕೈಗೆ ಬರೋದಿಲ್ಲ. ಅದನ್ನು ಬೇರೆಯಾಗಿ ಕಲಿಯಬೇಕು.

ಕೈ ಓಡದೇ ಇರೋದಕ್ಕೆ ಇನ್ನೊಂದು ಕಾರಣವೂ ಇದೆ. ಆಯ್ಕೆ ವಿಪರೀತ. 2×4 ಬ್ರಿಕ್ ಅಂದರೆ ಮೇಲೆ ಎರಡು ಸಾಲಲ್ಲಿ ನಾಲ್ಕು ನಾಲ್ಕು ಉಬ್ಬು ಇರುವ, ಇಟ್ಟಿಗೆಯಂಥ ಪೀಸ್. ಒಂದೇ ಬಣ್ಣದ ಅಂಥ ಎರಡನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರಾದರೆ 1,060 ಬಗೆ. ಆರಾದರೆ 10,29,81,500 ಬಗೆ ಅಂತ ಕಂಪನಿಯೇ ಬಹಳ ಕಾಲ ಹೇಳುತ್ತಿತ್ತು. ಆದರೆ ಅದು ಒಂದರ ಮೇಲೊಂದು ಇಟ್ಟ ಆರು ಅಂತಸ್ತಿನ ಗೋಪುರಗಳ ಲೆಕ್ಕ ಮಾತ್ರ. ಡೆನ್ಮಾರ್ಕ್‌ನ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರ್ ಹಾಕಿ ಎಲ್ಲ ಜೋಡಣೆಗಳನ್ನೂ ಎಣಿಸಿದಾಗ ಬಂದದ್ದು 91,51,03,765. ಆರೇ ಆರು ಬ್ರಿಕ್‌ಗೆ ಇಷ್ಟು! ನಿಮ್ಮ ಮುಂದೆ ಸಾವಿರಾರು ಪೀಸ್ ಹರಡಿಕೊಂಡಿದ್ದರೆ ಯಾರಿಗಾದರೂ ಕೈ ಕಟ್ಟಿಹೋಗುತ್ತೆ. ಹಾಗಾಗಿ ಪೀಸ್ ಕಡಿಮೆ ಮಾಡಿಕೊಳ್ಳಿ. ಕಡಿಮೆ ಇದ್ದಾಗಲೇ ತಲೆ ಚೆನ್ನಾಗಿ ಓಡೋದು.

ಅದಕ್ಕೆ ನಾನು ಹೇಳುವ ದಾರಿ ನಿಮಗೆ ಸ್ವಲ್ಪ ಕಷ್ಟ ಅನ್ನಿಸಬಹುದು. ಶೆಲ್ಫ್‌ನಿಂದ ಒಂದು ಸೆಟ್ ಇಳಿಸಿ, ಬಿಚ್ಚಿ. ತೀರ ಇಷ್ಟದ್ದು ಬೇಡ, ಮಧ್ಯಮ ಗಾತ್ರದ್ದು ಯಾವುದಾದರೂ ಸಾಕು. ಪುಸ್ತಕ ಇದೆಯಲ್ಲ, ಬೇಕೆಂದಾಗ ಮತ್ತೆ ಕಟ್ಟಬಹುದು. ಬಿಚ್ಚುವಾಗ ಅವಸರ ಮಾಡಬೇಡಿ, ಪುಡಿಪುಡಿ ಮಾಡಿ ಡಬ್ಬಿಗೆ ಸುರಿಯಬೇಡಿ. ಪುಸ್ತಕವನ್ನು ಕೊನೆಯ ಪುಟದಿಂದ ಹಿಂದಕ್ಕೆ ತಿರುವುತ್ತಾ ಬನ್ನಿ. ಎಲ್ಲೆಲ್ಲಿ ಪೀಸ್ ಪಕ್ಕಕ್ಕೆ ತಿರುಗಿ ಕೂತಿದೆಯೋ ಅಲ್ಲಿ ನಿಲ್ಲಿ. ಅದನ್ನು ಹಿಡಿದಿರುವ ಒಳಗಿನ ಪೀಸ್ ಯಾವುದು ನೋಡಿ. ಆ ತುಂಡನ್ನಷ್ಟೇ ಬೇರೆ ತೆಗೆದು, ಪುಸ್ತಕ ಮುಚ್ಚಿ, ನೀವೇ ಇನ್ನೊಂದು ಸಲ ಕಟ್ಟಿ. ಆಮೇಲೆ ಆ ಸೆಟ್‌ನ ಪೀಸ್‌ಗಳಲ್ಲೇ ಬೇರೇನಾದರೂ ಸಣ್ಣದು ಮಾಡಿ. ಅಂಗೈಯಲ್ಲಿ ಹಿಡಿಯುವಷ್ಟು ಇದ್ದರೆ ಸಾಕು. ಒಂದು ದೋಣಿ, ಒಂದು ನೀರಿನ ಟ್ಯಾಂಕ್. ಸ್ವಂತ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈಗ ಅಳತೆ. ನಿಮ್ಮ ಬಾಯ್ಲರ್ ಸಮಸ್ಯೆ ಇರೋದೇ ಇಲ್ಲಿ. ಬ್ರಿಕ್ ಮೇಲಿನ ಗುಂಡನೆಯ ಉಬ್ಬು ಇದೆಯಲ್ಲ, ಸ್ಟಡ್, ಅದರ ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿ.ಮೀ. ಬ್ರಿಕ್‌ನ ಎತ್ತರ, ಸ್ಟಡ್ ಬಿಟ್ಟು, 9.6 ಮಿ.ಮೀ. ಪ್ಲೇಟ್, ಅಂದರೆ ತೆಳ್ಳಗಿನ ಚಪ್ಪಟೆ ಪೀಸ್, ಅದರ ಎತ್ತರ 3.2. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಇಷ್ಟು ಎಲ್ಲರಿಗೂ ಗೊತ್ತಿರುತ್ತೆ. ಈಗ ಐದು ಪ್ಲೇಟ್ ಒಂದರ ಮೇಲೊಂದು ಇಟ್ಟು ಅಳೆಯಿರಿ. 16 ಮಿ.ಮೀ. ಸರಿಯಾಗಿ ಎರಡು ಸ್ಟಡ್ ಅಗಲ! ಅಂದರೆ ಐದು ಪ್ಲೇಟ್‌ನ ಕಟ್ಟನ್ನು ಮಗ್ಗುಲಾಗಿ ಮಲಗಿಸಿದರೆ ಅದು ಎರಡು ಸ್ಟಡ್ ಜಾಗದಲ್ಲಿ ಕೂರುತ್ತೆ. ಸ್ಟಡ್‌ಗಳು ಮೇಲಕ್ಕೆ ಮಾತ್ರ ಮುಖ ಮಾಡದೆ ಪಕ್ಕಕ್ಕೂ ಕೆಳಕ್ಕೂ ತಿರುಗುವ ಹಾಗೆ ಕಟ್ಟೋದಕ್ಕೆ ಹವ್ಯಾಸಿಗಳು ಸ್ನಾಟ್ ಅನ್ನುತ್ತಾರೆ. ಅದರ ಬುಡ ಈ ಒಂದೇ ಲೆಕ್ಕ. ಐದು ಪ್ಲೇಟ್, ಎರಡು ಸ್ಟಡ್. ಇದನ್ನು ಬಾಯಿಪಾಠ ಮಾಡಿಬಿಡಿ.

ಬಾಯ್ಲರ್‌ಗೆ ಬರೋಣ. ಮೊದಲು ಸಣ್ಣದರಲ್ಲಿ ಕೈ ಪಳಗಿಸಿ. ಎರಡು ಸ್ಟಡ್ ಅಗಲದ ಒಂದು ಉದ್ದನೆ ಪ್ಲೇಟ್ ತೆಗೆದುಕೊಳ್ಳಿ. ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಪ್ಲೇಟ್. ಅದರ ಮೇಲೆ ಪಕ್ಕದಲ್ಲಿ ಸ್ಟಡ್ ಇರುವ 1×1 ಬ್ರಿಕ್‌ಗಳನ್ನು ಕೂರಿಸಿ. ಎಡಸಾಲಿನವು ಎಡಕ್ಕೆ, ಬಲಸಾಲಿನವು ಬಲಕ್ಕೆ ಸ್ಟಡ್ ಚಾಚಿರಲಿ. ಎರಡು ಪ್ಲೇಟ್ ಮತ್ತು ಒಂದು ಬ್ರಿಕ್, ಒಟ್ಟು ಐದು ಪ್ಲೇಟ್ ಎತ್ತರ, ಅಂದರೆ 16 ಮಿ.ಮೀ. ಈಗ ಎರಡು ಸ್ಟಡ್ ಅಗಲದ ಇನ್ನೊಂದು ಪ್ಲೇಟನ್ನು ಇದರ ಪಕ್ಕಕ್ಕೆ ಒತ್ತಿ. ಮೇಲಂಚಿಗೆ ಮೇಲಂಚು, ಕೆಳಂಚಿಗೆ ಕೆಳಂಚು ಸಮ ಬರುತ್ತೆ. ಬೆರಳಿಂದ ಸವರಿ ನೋಡಿ, ಎಲ್ಲೂ ತಡೆಯೋದಿಲ್ಲ.

ಈಗ ಅದನ್ನೇ ಉಲ್ಟಾ ಮಾಡಿ. ಬ್ರಿಕ್ ಕೆಳಗೆ, ಎರಡು ಪ್ಲೇಟ್ ಮೇಲೆ. ಪೀಸ್ ಅವೇ, ಎತ್ತರವೂ ಅಷ್ಟೇ. ಆದರೆ ಪಕ್ಕದ ಪ್ಲೇಟ್ ಈಗ 1.6 ಮಿ.ಮೀ. ಮೇಲಕ್ಕೆ ಎದ್ದು ನಿಲ್ಲುತ್ತೆ, ಅರ್ಧ ಪ್ಲೇಟ್‌ನಷ್ಟು. ಯಾಕೆ ಗೊತ್ತಾ? ಆ ಬ್ರಿಕ್‌ನ ಪಕ್ಕದ ಸ್ಟಡ್ ಸರಿಯಾಗಿ ಮಧ್ಯದಲ್ಲಿಲ್ಲ. ಮೇಲಿಂದ 4 ಮಿ.ಮೀ., ಕೆಳಗಿಂದ 5.6 ಮಿ.ಮೀ. ಮೇಲಿನ 4 ಮಿ.ಮೀ. ಅಂದರೆ ಅರ್ಧ ಸ್ಟಡ್ ಅಗಲ, ಅದಕ್ಕೇ ಮೇಲಂಚು ಸಮ ಕೂರೋದು. ಹೊಸದಾಗಿ ಸ್ನಾಟ್ ಕಲಿಯುವವರು ಬಹಳಷ್ಟು ಜನ ಸೋತು ಬಿಡೋದು ಈ 1.6 ಮಿ.ಮೀ. ಮುಂದೆ. ಲೆಕ್ಕ ಸರಿ ಇದೆ, ಆದರೂ ಕೂರುತ್ತಿಲ್ಲವಲ್ಲ ಅಂತ ಒದ್ದಾಡುತ್ತಾರೆ. ಎರಡು ಪ್ಲೇಟ್ ಯಾವ ಕಡೆ ಇದೆ ಅಂತ ಒಂದು ಸಲ ನೋಡಿದರೆ ಮುಗಿಯಿತು.

ಇದು ಕೈಗೆ ಬಂದ ಮೇಲೆ ಅಳತೆ ದುಪ್ಪಟ್ಟು ಮಾಡಿ. ನಾಲ್ಕು ಸ್ಟಡ್ ಅಗಲ, ಹತ್ತು ಪ್ಲೇಟ್ ಎತ್ತರ. ಎರಡು ಪ್ಲೇಟ್, ಒಂದು ಬ್ರಿಕ್, ಮತ್ತೆ ಎರಡು ಪ್ಲೇಟ್, ಒಂದು ಬ್ರಿಕ್. ಇದೇ ಬಾಯ್ಲರ್‌ನ ತಿರುಳು. ಎಡಕ್ಕೆ, ಬಲಕ್ಕೆ, ಮೇಲಕ್ಕೆ ನಾಲ್ಕು ಸ್ಟಡ್ ಅಗಲದ ಪ್ಲೇಟ್ ಹೊದಿಸಿ. ಅದರ ಮೇಲೆ ಎರಡೂ ತುದಿ ಬಾಗಿರುವ 4×1 ಕರ್ವ್ಡ್ ಸ್ಲೋಪ್‌ಗಳನ್ನು ಸಾಲಾಗಿ ಕೂರಿಸಿ. ಮೂಲೆಗಳಲ್ಲಿ ಸಣ್ಣ ಸಂದು ಉಳಿಯುತ್ತೆ, ಅದರ ಚಿಂತೆ ಬೇಡ. ಸ್ವಲ್ಪ ದೂರದಿಂದ ನೋಡಿದರೆ ಗುಂಡಗೇ ಕಾಣುತ್ತೆ. ನಾಲ್ಕನೇ ಕಡೆ, ಅಂದರೆ ತಳ? ಅದನ್ನು ಹಾಗೇ ಬಿಡಿ. ಅಲ್ಲಿ ಚಕ್ರ, ಚೌಕಟ್ಟು ಬರುತ್ತೆ, ಯಾರಿಗೂ ಕಾಣೋದಿಲ್ಲ. ಕಾಣದ ಕಡೆ ಚಪ್ಪಟೆಯಾಗಿ ಬಿಡೋದು ಮೈಗಳ್ಳತನ ಅಲ್ಲ, ಚೆನ್ನಾಗಿ ಕಟ್ಟುವವರ ಲಕ್ಷಣ. ಚಕ್ರದ ಚೌಕಟ್ಟು ಗಟ್ಟಿಯಾಗಿ ಕಚ್ಚಿಕೊಳ್ಳೋದಕ್ಕೆ ಆ ಚಪ್ಪಟೆ ತಳವೇ ಬೇಕು.

ಎಂಜಿನ್‌ನ ಮುಂದುಗಡೆ ಒಂದೇ ಒಂದು ದೀಪ ಇರಬೇಕು ಅಂದುಕೊಳ್ಳಿ. ನಾಲ್ಕು ಸ್ಟಡ್ ಅಗಲದಲ್ಲಿ ನಟ್ಟನಡುವೆ ಸ್ಟಡ್ ಇರೋದಿಲ್ಲ, ಎರಡು ಸ್ಟಡ್‌ಗಳ ಮಧ್ಯದ ಖಾಲಿ ಜಾಗ ಇರುತ್ತೆ. ಅದಕ್ಕೆ ಜಂಪರ್ ಪ್ಲೇಟ್ ಇದೆ. 1×2 ಪ್ಲೇಟ್, ಆದರೆ ನಡುವೆ ಒಂದೇ ಸ್ಟಡ್. ಎಲ್ಲವನ್ನೂ 4 ಮಿ.ಮೀ. ಪಕ್ಕಕ್ಕೆ ಸರಿಸಿಕೊಡುತ್ತೆ. ಇದೊಂದು ಪೀಸ್ ಎಷ್ಟಿದ್ದರೂ ಜಾಸ್ತಿ ಅನ್ನಿಸೋದಿಲ್ಲ.

ಇಷ್ಟೆಲ್ಲ ಬಾಯ್ಲರ್ ಬಗ್ಗೆ ಹೇಳಿದೆ. ಆದರೆ ಕಟ್ಟೋಕೆ ಕೂತಾಗ ಬಾಯ್ಲರ್‌ನಿಂದ ಶುರು ಮಾಡಬೇಡಿ, ಚಕ್ರದಿಂದ ಶುರು ಮಾಡಿ. ಬಾಯ್ಲರ್ ಎಷ್ಟು ಉದ್ದ ಬೇಕಾದರೂ ಮಾಡಬಹುದು. ಚಕ್ರ ಹಾಗಲ್ಲ. ಸಿಗುವ ಚಕ್ರಗಳ ಅಳತೆ ಕೆಲವೇ ಕೆಲವು. ಹಾಗಾಗಿ ಬದಲಾಯಿಸೋಕೆ ಆಗದ ಪೀಸ್ ಯಾವುದೋ ಅದನ್ನೇ ಮೊದಲು ಗಟ್ಟಿ ಮಾಡಿಕೊಳ್ಳಬೇಕು. ನಿಜವಾದ ಎಂಜಿನ್‌ನ ಪಕ್ಕದಿಂದ ತೆಗೆದ ಒಂದು ಚಿತ್ರ ಇಟ್ಟುಕೊಳ್ಳಿ. ಚಿತ್ರದಲ್ಲಿ ದೊಡ್ಡ ಚಕ್ರ 2 ಸೆಂ.ಮೀ., ಬಾಯ್ಲರ್ 6 ಸೆಂ.ಮೀ. ಇದ್ದರೆ ಬಾಯ್ಲರ್ ಚಕ್ರದ ಮೂರು ಪಟ್ಟು. ನಿಮ್ಮ ಹತ್ತಿರ ಇರುವ ಚಕ್ರ 4 ಸ್ಟಡ್ ಅಗಲ ಇದ್ದರೆ ಬಾಯ್ಲರ್ 12 ಸ್ಟಡ್ ಉದ್ದ. ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ತೀರ್ಮಾನಗಳು ತಾವಾಗಿ ಆಗಿಹೋಗುತ್ತವೆ. ಲೆಗೊದಲ್ಲಿ ಮನೆ ಕಟ್ಟುವವರಿಗೆ ಕಿಟಕಿ ಬಾಗಿಲು, ನಿಮಗೆ ಚಕ್ರ.

ಗಟ್ಟಿತನದ ಬಗ್ಗೆಯೂ ಸ್ವಲ್ಪ ಹೇಳಬೇಕು. ಸೆಟ್‌ಗಳಲ್ಲಿ ಆ ಕೆಲಸವನ್ನು ಬೇರೆಯವರು ಮಾಡಿಟ್ಟಿರುತ್ತಾರೆ, ಸ್ವಂತದ್ದರಲ್ಲಿ ನೀವೇ ನೋಡಿಕೊಳ್ಳಬೇಕು. ಬ್ರಿಕ್ ಅನ್ನೋದು ಅಷ್ಟು ಸುಲಭವಾಗಿ ಸೋಲುವ ವಸ್ತು ಅಲ್ಲ. 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಎಂಜಿನಿಯರ್‌ಗಳು ಒಂದು 2×2 ಬ್ರಿಕ್ಕನ್ನು ಯಂತ್ರಕ್ಕೆ ಕೊಟ್ಟು ಒತ್ತಿದರು. ಸರಾಸರಿ 4,240 ನ್ಯೂಟನ್, ಅಂದರೆ ಸುಮಾರು 432 ಕಿಲೋ ಭಾರ ಬಿದ್ದಾಗ ಅದು ಬಗ್ಗಿತು. ಆ ಲೆಕ್ಕದಲ್ಲಿ 3,75,000 ಬ್ರಿಕ್‌ಗಳ, ಹತ್ತಿರ ಹತ್ತಿರ ಮೂರೂವರೆ ಕಿಲೋಮೀಟರ್ ಎತ್ತರದ ಗೋಪುರವನ್ನು ಕೆಳಗಿನ ಬ್ರಿಕ್ ತಡೆದುಕೊಳ್ಳುತ್ತೆ. ಇದು ಮೇಲಿಂದ ಒತ್ತಿದಾಗಿನ ಮಾತು. ಪಕ್ಕದಿಂದ ಎಳೆದರೆ ಮಗುವಿನ ಕೈಗೂ ಬಿಟ್ಟುಕೊಳ್ಳುತ್ತೆ. ಅಂದರೆ ಮಾದರಿ ಮುರಿಯೋದು ಪೀಸ್‌ನಲ್ಲಿ ಅಲ್ಲ, ಜೋಡಣೆಯಲ್ಲಿ. ನಿಮ್ಮ 12 ಸ್ಟಡ್ ತಿರುಳಿನಲ್ಲಿ ಎಲ್ಲ ಸಾಲಿನ ಸಂದುಗಳೂ ಒಂದೇ ಜಾಗದಲ್ಲಿ ಬಂದರೆ ಎತ್ತಿದ ಕೂಡಲೇ ಎರಡು ತುಂಡು. ಗಾರೆ ಕೆಲಸದವರು ಇಟ್ಟಿಗೆ ಇಡುವ ಹಾಗೆ, ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಪೂರ್ತಿ ಪೀಸ್ ಬರಬೇಕು. ಮತ್ತೆ ಎಲ್ಲಾದರೂ ಪೀಸ್ ಬಾಗಿ ಕೂತಂತೆ ಕಂಡರೆ, ಒತ್ತಾಯ ಮಾಡಿ ತುರುಕಿದ ಹಾಗಿದ್ದರೆ, ತೆಗೆದುಬಿಡಿ. ಎರಡು ಸ್ಟಡ್‌ಗಳ ನಡುವಿನ ಸಂದು 3.2 ಮಿ.ಮೀ., ಪ್ಲೇಟ್‌ನ ದಪ್ಪವೂ 3.2. ನಿಲ್ಲಿಸಿ ತುರುಕಬಹುದು ಅಂತ ಆಸೆಯಾಗುತ್ತೆ. ಕೂರುತ್ತೆ ಕೂಡ. ಆದರೆ ಉಸಿರಾಡೋಕೂ ಜಾಗ ಇರೋದಿಲ್ಲ, ಪೀಸ್ ಮೇಲೆ ಸದಾ ಒತ್ತಡ. ಕಂಪನಿಯ ವಿನ್ಯಾಸಕಾರರು ಇಂಥ ಜೋಡಣೆಯನ್ನು ನಿಷಿದ್ಧ ಅಂತಲೇ ಇಟ್ಟಿದ್ದಾರೆ.

ಈ ಹಿಡಿತದ ಹಿಂದಿನ ಕಥೆ ನನಗೆ ತುಂಬ ಇಷ್ಟ. ಡೆನ್ಮಾರ್ಕ್‌ನ ಬಿಲುಂಡ್ ಅನ್ನೋ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆ ಮಾಡೋಕೆ ಶುರು ಮಾಡಿದರು. ಪ್ಲಾಸ್ಟಿಕ್ ಬ್ರಿಕ್ ಬಂದದ್ದು 1949ರಲ್ಲಿ. ಆಗ ಬ್ರಿಕ್ ತಳ ಬರೀ ಟೊಳ್ಳು, ಜೋಡಿಸಿದರೆ ಸಡಿಲ. 1958ರ ಜನವರಿ 28ರಂದು ಒಳಗೆ ಕೊಳವೆ ಇರುವ ಬ್ರಿಕ್‌ಗೆ ಓಲೆಯವರ ಮಗ ಗಾಟ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದರು. ನಾಲ್ಕು ಸ್ಟಡ್‌ಗಳ ನಡುವಿನ ಜಾಗಕ್ಕೆ ಸರಿಯಾಗಿ ಇಳಿಯುವ ಕೊಳವೆ. ಆ ಕೊಳವೆಯ ಹೊರ ಅಗಲವನ್ನು ನೀವೇ ಲೆಕ್ಕ ಹಾಕಬಹುದು. 8 ಮಿ.ಮೀ. ಚೌಕದ ಕರ್ಣ 11.31, ಅದರಲ್ಲಿ ಸ್ಟಡ್‌ನ ಅಗಲ 4.8 ಕಳೆದರೆ 6.51 ಮಿ.ಮೀ. ಸ್ಟಡ್ ಒಂದು ಕಡೆ ಕೊಳವೆಗೆ, ಇನ್ನೊಂದು ಕಡೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತೆ. 1958ರ ಬ್ರಿಕ್ ಇವತ್ತಿನ ಬ್ರಿಕ್‌ಗೂ ಕಚ್ಚಿಕೊಳ್ಳುತ್ತೆ.

ಪೀಸ್ ಜೋಡಿಸಿಡುವ ವಿಷಯ. ಬಣ್ಣದ ಪ್ರಕಾರ ಇಟ್ಟದ್ದೇ ನಿಮಗೆ ಪೀಸ್ ಸಿಗದೇ ಇರೋದಕ್ಕೆ ಕಾರಣ. ಕಪ್ಪು ಪೀಸ್‌ಗಳ ರಾಶಿಯಲ್ಲಿ ಒಂದು ಕಪ್ಪು ಜಂಪರ್ ಹುಡುಕಿ ನೋಡಿ, ಕಣ್ಣು ಸೋಲುತ್ತೆ. ಎಲ್ಲ ಬಣ್ಣದ ಜಂಪರ್‌ಗಳ ರಾಶಿಯಲ್ಲಿ ಕಪ್ಪು ತಟ್ಟನೆ ಕಾಣುತ್ತೆ. ಹಾಗಾಗಿ ಮೊದಲು ಆಕಾರ. ಬ್ರಿಕ್, ಪ್ಲೇಟ್, ಸ್ಟಡ್ ಇಲ್ಲದ ಟೈಲ್, ಇಳಿಜಾರಾದ ಸ್ಲೋಪ್, ಬಾಗಿದವು, ಪಕ್ಕಕ್ಕೆ ಸ್ಟಡ್ ಇರುವವು, ಗಿಯರ್ ಅಚ್ಚುಗಳಂಥ ಟೆಕ್ನಿಕ್ ಪೀಸ್‌ಗಳು. ಪೀಸ್ ಎಷ್ಟು ಸಣ್ಣದೋ ಅಷ್ಟು ಬೇರೆ ಬೇರೆ ಡಬ್ಬಿ. ದೊಡ್ಡವು ಒಟ್ಟಿಗೆ ಇದ್ದರೂ ನಡೆಯುತ್ತೆ. ಒಂದೇ ಆಕಾರದವು ಡಬ್ಬಿ ತುಂಬಿ ಚೆಲ್ಲುವಷ್ಟಾದಾಗ ಬಣ್ಣದ ಯೋಚನೆ ಮಾಡಿ. ಇದರಿಂದ ಇನ್ನೊಂದು ಲಾಭ ಇದೆ. ಬೇರೆ ಮಾಡುತ್ತಾ ಕೂತಾಗ ಒಂದೊಂದು ಪೀಸೂ ಕೈಗೆ ಸಿಗುತ್ತೆ, ಇದರಲ್ಲಿ ಏನು ಮಾಡಬಹುದು ಅಂತ ಸುಮ್ನೆ ಯೋಚನೆ ಬರುತ್ತೆ. ಮೊದಲೇ ಹೇಳಿದೆನಲ್ಲ ಪರಿಚಯ ಅಂತ, ಅದು ಹೀಗೇ ಆಗೋದು.

ಹಳದಿಯಾದ ಬಿಳಿ ಪೀಸ್‌ಗಳು. 1963ರಿಂದ ಬ್ರಿಕ್‌ಗಳನ್ನು ಎಬಿಎಸ್ ಅನ್ನೋ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಮೇಲ್ಮೈಯನ್ನು ಹಳದಿ ಮಾಡುತ್ತವೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬೆಳಕಿಗೆ ಇಟ್ಟರೆ ಮತ್ತೆ ಬೆಳ್ಳಗಾಗುತ್ತೆ, ನಿಜ. ಆದರೆ ಆ ದ್ರಾವಣ ಚರ್ಮ, ಕಣ್ಣು ಸುಡುತ್ತೆ, ಹಳದಿ ಮತ್ತೆ ಬರಲೂಬಹುದು. ನಾನು ಆ ತಂಟೆಗೆ ಹೋಗಬೇಡಿ ಅನ್ನುತ್ತೇನೆ. ಆ ಪೀಸ್‌ಗಳನ್ನು ತಿರುಳಿಗೆ ಹಾಕಿ, ಒಳಗೆ ಬಣ್ಣ ಯಾರು ನೋಡುತ್ತಾರೆ? ಶೆಲ್ಫನ್ನು ಕಿಟಕಿಯ ನೇರ ಬಿಸಿಲಿನಿಂದ ದೂರ ಸರಿಸಿ. ಧೂಳಿಗೆ ಮೆತ್ತನೆ ಬ್ರಷ್ ಸಾಕು. ತೊಳೆಯಲೇಬೇಕು ಅಂದರೆ 40 ಡಿಗ್ರಿ ಸೆಲ್ಸಿಯಸ್ ಮೀರದ ನೀರಲ್ಲಿ, ಕೈಯಲ್ಲೇ ತೊಳೆಯಿರಿ. ಇನ್ನೊಂದು ಎಚ್ಚರಿಕೆ. ಹಳೇ ಸೆಟ್‌ಗಳ ಕಂದು ಮತ್ತು ಕಡು ಕೆಂಪು ಪೀಸ್‌ಗಳಲ್ಲಿ ಕೆಲವು ಬಿಚ್ಚುವಾಗ ಪಟ್ಟನೆ ಮುರಿಯುತ್ತವೆ. ಅವನ್ನು ನಿಧಾನವಾಗಿ, ಬ್ರಿಕ್ ಸೆಪರೇಟರ್ ಅನ್ನೋ ಪೀಸ್ ಬಿಡಿಸುವ ಸಣ್ಣ ಸಾಧನ ಹಿಡಿದು ಬಿಚ್ಚಿ.

ಮನೆಯವರ ಮಾತಿಗೆ ಉದ್ದ ಉತ್ತರ ಬೇಕಿಲ್ಲ. ಇದೇ ಕಂಪನಿ 1963ರಲ್ಲೇ ಮಾಡ್ಯುಲೆಕ್ಸ್ ಅಂತ 5 ಮಿ.ಮೀ. ಅಳತೆಯ ಬ್ರಿಕ್ ತಂದಿತ್ತು, ಕಟ್ಟಡ ವಿನ್ಯಾಸ ಮಾಡುವವರು ಮಾದರಿ ಕಟ್ಟೋಕೆ ಅಂತಲೇ. 2020ರಿಂದ ದೊಡ್ಡವರ ಸೆಟ್‌ಗಳ ಪೆಟ್ಟಿಗೆ ಮೇಲೆ 18+ ಅಂತ ಅಚ್ಚು ಹಾಕುತ್ತಿದೆ. ಇದನ್ನೆಲ್ಲ ಹೇಳಿ ವಾದ ಮಾಡೋದಕ್ಕಿಂತ, ಎರಡು ಪ್ಲೇಟ್ ಮೇಲೊಂದು ಬ್ರಿಕ್ ಕೊಟ್ಟು, ಪಕ್ಕದ ಪ್ಲೇಟ್ ಸಮ ಕೂರಿಸಿ ತೋರಿಸಿ ಅಂತ ಅವರ ಮುಂದಿಡಿ. ಐದು ನಿಮಿಷ ಕೂತರು ಅಂದರೆ ಅವರೂ ಅಳತೆಪಟ್ಟಿ ಕೇಳುತ್ತಾರೆ.

ಸ್ಟುಡಿಯೊ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಪರದೆ ಮೇಲೇ ವಿನ್ಯಾಸ ಮಾಡಬಹುದು. ಒಳ್ಳೆಯ ಸಾಧನ. ಆದರೆ ಈಗಲೇ ಬೇಡ. ಪರದೆ ಮೇಲೆ ಭಾರ ಅನ್ನೋದಿಲ್ಲ, ಒಂದೇ ಸ್ಟಡ್‌ನಲ್ಲಿ ಇಡೀ ಬಾಯ್ಲರ್ ನೇತಾಡಿಕೊಂಡು ಸುಖವಾಗಿರುತ್ತೆ. ಕೈಗೆ ಗಟ್ಟಿತನದ ಅಂದಾಜು ಬಂದ ಮೇಲೆ ಅದಕ್ಕೆ ಹೋಗಿ.

ಕೊನೆಗೆ ಬಣ್ಣ. ಎಂಜಿನ್ ಕಪ್ಪಗಿರಬೇಕು, ಆದರೆ ನನ್ನ ಹತ್ತಿರ ಅಷ್ಟು ಕಪ್ಪು ಪೀಸ್ ಇಲ್ಲ ಅಂತ ನಿಲ್ಲಿಸಬೇಡಿ. ಮೊದಲ ಸಲ ಸಿಕ್ಕಿದ ಬಣ್ಣದಲ್ಲಿ ಕಟ್ಟಿ. ಕೆಂಪು, ಹಳದಿ, ನೀಲಿ ಎಲ್ಲ ಕಲಸಿಕೊಂಡಿರಲಿ. ಆಕಾರ ಮನಸ್ಸಿಗೆ ಒಪ್ಪುವ ತನಕ ಬಿಚ್ಚಿ ಕಟ್ಟಿ ಮಾಡಿ. ಒಪ್ಪಿದ ಮೇಲೆ ಹೊರಗೆ ಕಾಣುವ ಪೀಸ್‌ಗಳನ್ನಷ್ಟೇ ಎಣಿಸಿ, ಅಷ್ಟನ್ನು ಕಪ್ಪಿನಲ್ಲಿ ಬಿಡಿಯಾಗಿ ತರಿಸಿ. ಬ್ರಿಕ್‌ಲಿಂಕ್ ಅನ್ನೋ ವೆಬ್‌ಸೈಟ್ 2000ದಿಂದಲೂ ಈ ಬಿಡಿ ಪೀಸ್ ವ್ಯಾಪಾರದ ದೊಡ್ಡ ಜಾಗ, 2019ರಲ್ಲಿ ಲೆಗೊ ಕಂಪನಿಯೇ ಅದನ್ನು ಕೊಂಡುಕೊಂಡಿತು. ತರಿಸುವ ಮೊದಲು ಒಂದು ನೋಡಿಕೊಳ್ಳಿ. ಎಲ್ಲ ಪೀಸ್ ಎಲ್ಲ ಬಣ್ಣದಲ್ಲೂ ಬಂದಿರೋದಿಲ್ಲ. ಮುಖ್ಯ ಪೀಸ್ ಒಂದು ಕಪ್ಪಿನಲ್ಲಿ ಇಲ್ಲ ಅಂತಾದರೆ, ಉಳಿದದ್ದಕ್ಕೆ ಆರ್ಡರ್ ಹಾಕುವ ಮೊದಲೇ ಆ ಜಾಗದ ವಿನ್ಯಾಸ ಬದಲಾಯಿಸಿ.